ಒಣಗಿದ ಕಮರದ ಕಡ್ಡಿಯನ್ನು ಕೀಳಬೇಡಿ

ನಾನು ಸಸಿ ಮಾಡುವ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಸಾಲು ಕಾಣುವ ಊರು ನಮ್ಮದು. ದಿನಗೂಲಿಗೆ ನರ್ಸರಿಗೆ ಹೋದೆ, ಮೊದಲೆರಡು ವರ್ಷ ಸಸಿ ಬೆಳೆಸುವ ಪಾಕೆಟ್ಟಿಗೆ ಮಣ್ಣು ತುಂಬಿದ್ದೇ ತುಂಬಿದ್ದು. ಎರಡು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಜರಡಿ ಹಿಡಿದು ಕಲಸಿ, ಪಾಕೆಟ್ಟಿನ ತಳವನ್ನು ನೆಲಕ್ಕೆ ಕುಟ್ಟಿ ಕುಟ್ಟಿ ತುಂಬಬೇಕು. ಸಡಿಲ ತುಂಬಿದರೆ ನೀರು ಹಾಕಿದಾಗ ಮಣ್ಣು ಕುಸಿದು ಪಾಕೆಟ್ ವಾಲಿಬಿಡುತ್ತದೆ. ಬೇವಿನ ಬೀಜವನ್ನು ಬಿದ್ದ ಎರಡು ಮೂರು ವಾರದೊಳಗೆ ಹಾಕಲೇಬೇಕು, ಆಮೇಲೆ ಹಾಕಿದರೆ ಮೊಳೆಯುವುದು ಅಪರೂಪ. ಹೊಂಗೆಗೆ ಯಾವ ಉಪಚಾರವೂ ಬೇಡ. ಗಂಧದ ಸಸಿಯ ಪಕ್ಕ ತೊಗರಿ ಕಾಳು ಊರಬೇಕು, ಏಕೆಂದರೆ ಇನ್ನೊಂದು ಗಿಡದ ಬೇರು ಹಿಡಿಯದೆ ಗಂಧ ಏಳುವುದಿಲ್ಲ. ಇದೆಲ್ಲ ಅಲ್ಲೇ ಕೈಗೆ ಹತ್ತಿತು. ಕಮರ ಮಾತ್ರ ಹತ್ತಲಿಲ್ಲ. ಅದನ್ನು ಕಲಿಯಲು ನನ್ನದೇ ಹೊಲ ಬೇಕಾಯಿತು.

ಕಮರ ನಮ್ಮ ಬಯಲುಸೀಮೆಯ ಮರ. ಜೋಡಿ ಎಲೆ, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ. ಇಳಿಬಿದ್ದ ಸಣ್ಣ ರೆಂಬೆ, ಎಳೆ ಚಿಗುರಿಗೆ ತಾಮ್ರದ ಬಣ್ಣ. ಕಟ್ಟಿಗೆ ಎಷ್ಟು ಭಾರವೆಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ಬೇಸಿಗೆಯಲ್ಲಿ ಹುಲ್ಲು ಮುಗಿದಾಗ ಆಡು ಕುರಿಗೆ ಇದರ ಸೊಪ್ಪೇ ಆಧಾರ. ನಮ್ಮ ಮಾವ ಆಡು ಕಾಯ್ದುಕೊಂಡೇ ಬದುಕಿದವರು, ಯಾವ ಗುಡ್ಡದ ಯಾವ ಮಗ್ಗುಲಿಗೆ ಎಷ್ಟು ಕಮರ ಇವೆ ಅಂತ ಬೆರಳು ಮಡಚಿ ಹೇಳುತ್ತಿದ್ದರು. ಆ ಲೆಕ್ಕ ವರ್ಷಕ್ಕೆ ವರ್ಷ ಕಡಿಮೆಯಾಗುತ್ತಿದ್ದುದನ್ನು ನೋಡಿಯೇ ನಮ್ಮ ಎರಡು ಎಕರೆ ಕಲ್ಲು ಹೊಲದ ಮೇಲಿನ ಅರ್ಧಕ್ಕೆ ಕಮರ ಹಾಕಬೇಕೆಂದು ನನಗೆ ಆಸೆ ಹುಟ್ಟಿದ್ದು.

2010ರಲ್ಲಿ ನೂರು ಪಾಕೆಟ್ ಸಸಿ ನೆಟ್ಟೆ. ವರ್ಷ ತುಂಬಿದ, ಮೊಣಕಾಲೆತ್ತರದ, ಹಸಿರು ಸುರಿಯುವ ಸಸಿಗಳು. ನಾನೇ ಆರಿಸಿ, ಎತ್ತರದವನ್ನೇ ತಂದಿದ್ದೆ. ಆರಿದ್ರಾ ಮಳೆಗೆ ಗುಂಡಿಗೆ ಇಟ್ಟೆ. ಆಮೇಲೆ ಆಷಾಢದ ಗಾಳಿ ಶುರುವಾಯಿತು. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದಾರಲ್ಲ, ಅದೇ ಗಾಳಿ. ಮೋಡ ಕಟ್ಟಿದರೂ ಮಳೆ ನಿಲ್ಲಲು ಬಿಡದೆ ತಳ್ಳಿಕೊಂಡು ಹೋಗುತ್ತದೆ, ಎಲೆಯ ನೀರನ್ನೂ ನೆಲದ ನೀರನ್ನೂ ಒಟ್ಟಿಗೆ ಹೀರುತ್ತದೆ. ಶ್ರಾವಣ ಬರುವಷ್ಟರಲ್ಲಿ ಎಂಬತ್ತಕ್ಕೂ ಹೆಚ್ಚು ಸಸಿ ಹೋಗಿದ್ದವು.

ಒಂದು ಸಂಜೆ ಹಾರೆ ತಗೊಂಡು ಸತ್ತ ಸಸಿಯೊಂದರ ಬುಡ ಅಗೆದೆ. ಪಾಕೆಟ್ಟಿನ ಮಣ್ಣು ಇನ್ನೂ ಹಾಗೇ ಮುದ್ದೆಯಾಗಿ ಎದ್ದು ಬಂತು. ಒಡೆದು ನೋಡಿದರೆ ತಾಯಿಬೇರು ತಳಕ್ಕೆ ಮುಟ್ಟಿ, ಹೋಗಲು ದಾರಿಯಿಲ್ಲದೆ, ಕೊಡ ಹೊರುವಾಗ ತಲೆಗಿಡುವ ಸಿಂಬೆಯ ಹಾಗೆ ಮೂರು ಸುತ್ತು ಸುತ್ತಿಕೊಂಡಿತ್ತು. ಗುಂಡಿಗೆ ಇಟ್ಟ ಮೇಲೂ ಅದು ಬಿಚ್ಚಿಕೊಂಡಿರಲಿಲ್ಲ. ಒಂಬತ್ತು ಇಂಚಿನ ಪಾಕೆಟ್ಟಿನಲ್ಲಿ ಒಂದು ವರ್ಷ ಇಟ್ಟರೆ ಇನ್ನೇನಾಗುತ್ತದೆ? ಮೇಲಿನ ಹಸಿರೆಲ್ಲ ನಾನು ದಿನಾ ಹಾಕಿದ ನೀರಿನ ಹಸಿರು. ಆ ಬೇರನ್ನು ಅಂಗೈಯಲ್ಲಿ ಇಟ್ಟುಕೊಂಡು ಅಲ್ಲೇ ಕೂತುಬಿಟ್ಟೆ. ನಾನೇ ಸಾಕಿದ ಮಕ್ಕಳಿಗೆ ನಾನೇ ಕಾಲು ಕಟ್ಟಿದ ಹಾಗೆ ಅನ್ನಿಸಿತು.

ಮಾವನಿಗೆ ತೋರಿಸಿದೆ. ಅವರು ಬೇರು ನೋಡಿ, "ಕಮರ ಮೊದ್ಲು ಕೆಳಕ್ಕೆ ಬೆಳೀತೈತೆ ಕಣವ್ವ, ಆಮ್ಯಾಕೆ ಮ್ಯಾಲಕ್ಕೆ. ನೀನು ಮ್ಯಾಲಿಂದು ನೋಡಿ ಆರಿಸಿದ್ದೀಯ" ಅಂದರು. ಅಷ್ಟೇ ಮಾತು.

ಕಮರ ವರ್ಷವರ್ಷವೂ ಕಾಯಿ ಬಿಡುವುದಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಮರ ತುಂಬಾ ಬಿಡುತ್ತದೆ. 2012ರ ಬೇಸಿಗೆಯಲ್ಲಿ ಊರ ಸುತ್ತ ಹಾಗೆ ಬಿಟ್ಟಿತು. ಕಾಗದದಂಥ ಚಪ್ಪಟೆ ಕಾಯಿ, ಬೀಜ ಒಂದೇ, ಅದೂ ತುದಿಗೆ. ಗಾಳಿ ಬೀಸಿದರೆ ಗಿರಗಿರ ತಿರುಗುತ್ತ ದೂರ ಹೋಗಿ ಬೀಳುತ್ತದೆ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಮರದ ಬುಡ ಗುಡಿಸಿ ಎರಡು ಚೀಲ ಕೂಡಿಸಿದೆ. ರೆಕ್ಕೆ ಮುರಿದು, ಒಂದು ರಾತ್ರಿ ತಣ್ಣೀರಲ್ಲಿ ನೆನೆಹಾಕಿದೆ. ತೇಲಿದವು ಹುಳ ಹಿಡಿದವು, ಚೆಲ್ಲಿದೆ. ಮುಳುಗಿದವನ್ನು ಬೂದಿಯಲ್ಲಿ ಹೊರಳಿಸಿ ನೆರಳಿಗೆ ಹರಡಿದೆ.

ಮೃಗಶಿರ ಮಳೆ ಒಂದು ಹದ ಬಿದ್ದ ಮಾರನೇ ದಿನ ಬೀಜವನ್ನು ನೇರ ಹೊಲಕ್ಕೇ ಊರಿದೆ. ಇಳಿಜಾರಿಗೆ ಅಡ್ಡವಾಗಿ ಟ್ರೆಂಚ್ ಹೊಡೆಸಿದ್ದೆವು. ಟ್ರೆಂಚಿನ ಮಣ್ಣನ್ನು ಕೆಳಬದಿಗೆ ಏರಿ ಹಾಕಿ, ಆ ಏರಿಯ ಒಳಮಗ್ಗುಲಿಗೆ ಆರಾರು ಅಡಿಗೊಂದು ಕಡೆ ಹಾರೆಯಿಂದ ಒಂದು ಮೊಳ ಆಳಕ್ಕೆ ಮಣ್ಣು ಸಡಿಲಿಸಿ, ಮೂರು ಮೂರು ಬೀಜ ಒಂದು ಬೆರಳ ಗೆಣ್ಣಿನಷ್ಟು ಆಳಕ್ಕೆ. ಒಟ್ಟು 240 ಕಡೆ. ಈ ಮಣ್ಣು ಸಡಿಲಿಸುವುದು ಮುಖ್ಯ, ಬೀಜ ಊರುವುದಕ್ಕಿಂತ ಮುಖ್ಯ. ನಮ್ಮದು ಕಲ್ಲುಮಿಶ್ರಿತ ಕೆಂಪು ನೆಲ, ಮೇಲೆ ಗಟ್ಟಿ ಪದರ. ಬೇರು ಮೊದಲ ತಿಂಗಳು ಅದನ್ನು ದಾಟಿಬಿಟ್ಟರೆ ಕೆಳಗೆ ತೇವ ಸಿಗುತ್ತದೆ. ಹೊಂಡದ ಸುತ್ತ ಬಾರೆ ಮುಳ್ಳು ಕವಿಚಿದೆ. ಮೊಲಕ್ಕೂ ಆಡಿಗೂ ಎಳೆ ಕಮರ ಅಂದರೆ ಪ್ರಾಣ.

ಹತ್ತು ಹನ್ನೆರಡು ದಿನಕ್ಕೆ ಮೊಳಕೆ ಬಂತು. ಆಷಾಢದ ಗಾಳಿಯೂ ಬಂತು. ಈ ಸಲ ಗಿಡ ಬಾಗಿದವು, ಸಾಯಲಿಲ್ಲ. ಭಾದ್ರಪದದಲ್ಲಿ ಮೂರರಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ಕೀಳುವಾಗ ಒಂದನ್ನು ಹುಷಾರಾಗಿ ಅಗೆದು ನೋಡಿದೆ. ಸೊಪ್ಪು ಒಂದು ಗೇಣು ಇಲ್ಲ, ಬೇರು ಒಂದೂವರೆ ಮೊಳ ಇಳಿದು ಮಧ್ಯಕ್ಕೆ ಮುರಿದುಬಂತು. ತುದಿ ಎಲ್ಲಿತ್ತೋ, ಇನ್ನೂ ಕೆಳಗೆ.

ಆಮೇಲಿನ ಬೇಸಿಗೆಯ ಮಾತು ಹೇಳಬೇಕು, ಹೆಚ್ಚಿನವರು ಸೋಲುವುದು ಅಲ್ಲಿ. ಮಾರ್ಚ್ ಹೊತ್ತಿಗೆ ಎಲೆ ಎಲ್ಲ ಉದುರಿ, ಕಡ್ಡಿ ತುದಿಯಿಂದ ಒಣಗುತ್ತ ಬಂತು. ಏಪ್ರಿಲ್‌ನಲ್ಲಿ ಹೊಲದ ತುಂಬ ಬೆಂಕಿಪೊಟ್ಟಣದ ಕಡ್ಡಿಯಂಥ ಒಣ ಕಡ್ಡಿಗಳು, ಬೆರಳಲ್ಲಿ ಮುಟ್ಟಿದರೆ ಚಟ್ ಅಂತ ಮುರಿಯುತ್ತಿದ್ದವು. ಊರವರು ಹುರುಳಿ ಚೆಲ್ಲು ಅಂದರು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಅರಣ್ಯ ಇಲಾಖೆಯ ನರ್ಸರಿಯಿಂದ ಒಯ್ದ ಸಸಿ ಬದುಕಿದ್ದರೆ ಮೂರು ವರ್ಷ ದುಡ್ಡು ಬರುತ್ತದೆ. ಬೀಜ ಊರಿದ ನನಗೆ ಆ ಲೆಕ್ಕವೂ ಇರಲಿಲ್ಲ. ಮಾವ ಮಾತ್ರ ಕಡ್ಡಿಯ ಬುಡವನ್ನು ಉಗುರಿನಿಂದ ಕೆರೆದು ತೋರಿಸಿದರು. ಮಣ್ಣಿನ ಮಟ್ಟದಿಂದ ಅರ್ಧ ಬೆರಳು ಕೆಳಗೆ ತೊಗಟೆಯ ಒಳಗೆ ಹಸಿರು ಇತ್ತು, ಹೆಸರುಕಾಳಿನ ಹಸಿರು.

ಮುಂಗಾರಿಗೆ ಬುಡದಿಂದ ತಾಮ್ರದ ಚಿಗುರು ಎದ್ದಿತು. ಮುಂದಿನ ಬೇಸಿಗೆಗೆ ಮತ್ತೆ ಒಣಗಿತು, ಮತ್ತೆ ಎದ್ದಿತು. ಹೀಗೆ ಮೂರು ಸಲ. ಮಾವ ಮೂರನೇ ಚಿಗುರನ್ನು ನೋಡಿದರು, ನಾಲ್ಕನೆಯದನ್ನು ನೋಡಲಿಲ್ಲ. ನಾಲ್ಕನೇ ವರ್ಷ ಕಡ್ಡಿ ಒಣಗಲಿಲ್ಲ, ಆಳೆತ್ತರ ಏರಿತು. ಬೇರಿಗೆ ಸಾಕೆನಿಸಿತ್ತು.

ಈ ನಡುವೆ ನಾನು ಮಾಡಿದ್ದು ಎರಡೇ ಕೆಲಸ. ಸಂಕ್ರಾಂತಿ ಕಳೆದ ಮೇಲೆ ಪ್ರತಿ ಗಿಡದ ಸುತ್ತ ಮೂರಡಿ ಹುಲ್ಲು ಕೆತ್ತಿ ತೆಗೆಯುವುದು, ಏಕೆಂದರೆ ಬೋದೆ ಹುಲ್ಲು ಒಣಗಿದರೆ ಬೆಟ್ಟದ ಬೆಂಕಿ ಹೊಲಕ್ಕೆ ಇಳಿಯಲು ಕಿಡಿಯೊಂದು ಸಾಕು. ಮತ್ತೆ ಮುಳ್ಳು ಬದಲಿಸುವುದು. ನೀರು ಹಾಕಲಿಲ್ಲ. ಹಾಕಿದ್ದರೆ ಬೇರು ಮೇಲೇ ಉಳಿದುಬಿಡುತ್ತಿತ್ತು ಅಂತ ಈಗಲೂ ನಂಬಿದ್ದೇನೆ.

2022ರಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ ಎಂಬತ್ತೆಂಟು ಎಂಬತ್ತೊಂಬತ್ತು ವರ್ಷದ ಮೇಲೆ ಕೋಡಿ ಬಿತ್ತು, ಮರುವರ್ಷವೇ ಬರ. ಕೆಳಗಿನ ತೋಟದವರು ಅಡಿಕೆಗೆ ಟ್ಯಾಂಕರ್‌ನಲ್ಲಿ ನೀರು ಹೊಡೆಸುತ್ತಿದ್ದರು, ಅವರ ಸಂಕಟ ನೋಡಲಾಗುತ್ತಿರಲಿಲ್ಲ. ನನ್ನ ಕಮರಗಳಲ್ಲಿ ಒಂದೂ ಹೋಗಲಿಲ್ಲ. 240ರಲ್ಲಿ ಈಗ 163 ಇವೆ. ಹೋದವು ಬಹುಪಾಲು ಮೊದಲ ವರ್ಷ ಇಲಿ, ಮೊಲಕ್ಕೆ ಹೋದವು.

ಈಗ ನರ್ಸರಿಯಲ್ಲಿ ಕಮರ ಕೇಳಿ ಬಂದವರಿಗೆ ಮೂರು ತಿಂಗಳು ಮೀರದ ಗಿಡ್ಡ ಸಸಿಯನ್ನೇ ಆರಿಸಿ ಕೊಡುತ್ತೇನೆ. ಎತ್ತರದ್ದು ಕೊಡು ಅಂತ ಜಗಳಕ್ಕೆ ಬರುತ್ತಾರೆ. ಎತ್ತರದ ಸಸಿಯ ಪಾಕೆಟ್ ಒಂದನ್ನು ಸೀಳಿ ಬೇರು ತೋರಿಸಿದರೆ ಸುಮ್ಮನಾಗುತ್ತಾರೆ. ಹೋದ ವಾರ ಪಕ್ಕದ ಹೊಲದ ಹುಡುಗ ಬಂದು, "ಅತ್ತೆ, ಎಲ್ಲಾ ಒಣಗ್ಯಾವೆ, ಕಿತ್ತು ಬೇರೆ ಹಾಕ್ಲಾ?" ಅಂದ. ಅವನ ಜೊತೆ ಹೋದೆ. ಕುಕ್ಕರಗಾಲಲ್ಲಿ ಕೂತು, ಒಂದು ಕಡ್ಡಿಯ ಬುಡದ ಮಣ್ಣು ಸರಿಸಿ, ಉಗುರು ಊರಿ ಕೆರೆದೆ. ಅವನೂ ಬಗ್ಗಿ ನೋಡಿದ. ಆಮೇಲೆ ತಾನೇ ಮಣ್ಣು ಮುಚ್ಚಿ, ಬಿದ್ದ ಮುಳ್ಳನ್ನು ಎತ್ತಿ ಮತ್ತೆ ಅದರ ಮೇಲೆ ಕವಿಚಿದ.