ಕಡಪ್ಪುರದಲ್ಲಿ ಸತ್ತ ಹಕ್ಕಿ ಎಣಿಸಿದ್ದು: ನನ್ನ ಅನುಭವ

ಕಡಪ್ಪುರ ಅಂದ್ರೆ ನಮ್ಮ ಕಡಲ ದಡ. ಅಲ್ಲಿ ಸತ್ತ ಹಕ್ಕಿ ಎಣಿಸಿ ಎಂತ ಗೊತ್ತಾಗ್ತದೆ ಮಾರ್ರೆ, ಗಾಳಿಗೆ ಬಂದು ಬಿದ್ದದ್ದಲ್ವಾ ಅಂತ ಹೇಳಿದವ್ರೇ ಈಗ ಫೋನ್ ಮಾಡಿ ಹೇಗೆ ಮಾಡುದು ಕೇಳ್ತಾರೆ, ಹಾಗಾಗಿ ಬರೀತಾ ಇದ್ದೇನೆ.

ಮೊದಲೆರಡು ಮಳೆಗಾಲ ಪೂರ್ತಿ ವೇಸ್ಟ್. 35 ಸಾವಿರ ಹತ್ರ ಕೊಟ್ಟು ದೂರದ ಹಕ್ಕಿ ನೋಡುವ ದುರ್ಬೀನು, ಸ್ಪಾಟಿಂಗ್ ಸ್ಕೋಪ್ ತಕೊಂಡೆ, ಕುಂಬಳೆ ಮಳೆಗೆ ಜುಲೈ ಮುಗಿಯುವಾಗ ಲೆನ್ಸಿನ ಒಳಗೆ ಫಂಗಸ್, ಕ್ಲೀನ್ ಮಾಡಿಸ್ಲಿಕ್ಕೆ ಮತ್ತೆ 4 ಸಾವಿರ. ಅದನ್ನು ಬಿಟ್ಟು ಸತ್ತ ಹಕ್ಕಿ ಹುಡುಕಿ ಕಡಪ್ಪುರದಲ್ಲಿ ನಡೀಲಿಕ್ಕೆ ಶುರು ಮಾಡಿದೆ. ಏಳು ಗಂಟೆಗೆ ಹೋದ್ರೆ ನಾಯಿ ಕಾಗೆ ಮುಗಿಸಿ ಆಗಿರ್ತದೆ, ಸಿಗುದು ಬರೀ ರೆಕ್ಕೆ. ಎಷ್ಟು ಬೇಗ ಮಾಯ ಆಗ್ತದೆ ನೋಡುವಾ ಅಂತ ಅಂಗಡಿಯಿಂದ ಸತ್ತ ಕೋಳಿ ಆರು ತಂದು ಇಟ್ಟೆ, ಮರುದಿನ ಇದ್ದದ್ದು ಒಂದೋ ಎರಡೋ. ಅಂದ್ರೆ ನಮ್ಮ ಎಣಿಕೆ ಯಾವಾಗ್ಲೂ ಕಮ್ಮಿಯೇ. ಕಡಲಲ್ಲಿ ತೇಲುವುದರಲ್ಲಿ ಎಷ್ಟು ದಡಕ್ಕೆ ಬರ್ತದೆ ನೋಡ್ಲಿಕ್ಕೆ ಪೇಂಟ್ ಬಳಿದ ಐವತ್ತು ತೆಂಗಿನಕಾಯಿ ಬೋಟಿನವರ ಕೈಲಿ ಹೊರಗೆ ಕಡಲಿಗೆ ಹಾಕ್ಸಿದೆ, ಜನ ಹೆಕ್ಕಿಕೊಂಡು ಹೋದ್ರು, ಒಂಬತ್ತೇ ಸಿಕ್ಕಿದ್ದು. ಆಮೇಲೆ ಕುಡಿದು ಬಿಸಾಡಿದ ಬೊಂಡಕ್ಕೇ ಬಣ್ಣ ಹಾಕಿದೆ, ಖರ್ಚೂ ಉಳೀತು.

ಕೆಲಸಕ್ಕೆ ಬಂದದ್ದು ಎಂತ ಅಂದ್ರೆ ಎದೆ ಮುಟ್ಟಿ ನೋಡುದು. ಗ್ಲೌಸ್ ಹಾಕಿ, ಎದೆಮೂಳೆ ಕತ್ತಿ ಹಾಗೆ ಸಿಕ್ಕಿದ್ರೆ ಹಕ್ಕಿ ಹಸಿವಲ್ಲಿ ಇತ್ತು ಅಂತ ಲೆಕ್ಕ, ಎದೆ ತುಂಬಿದ್ರೆ ಬಿರುಗಾಳಿಯೋ ಬಲೆಯೋ. ನೋಡಿದ್ದಕ್ಕೆ ಕಾಲಿಗೆ ಹಳದಿ ನೂಲು, ಎರಡು ಸಲ ಎಣಿಸ್ಬಾರ್ದಲ್ಲ. 2021 ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ಲಾಕ್‌ಡೌನ್ ಬೇರೆ, ಮನೆ ಹಿಂದಿನ ಕಡಪ್ಪುರ ಮಾತ್ರ. ಸಿಕ್ಕಿದ ಕಡಲ ಹಕ್ಕಿಗಳು, ಸೂಟಿ ಟರ್ನ್, ಬ್ರೈಡಲ್ಡ್ ಟರ್ನ್ ಹೆಚ್ಚಿನದ್ದೂ ತುಂಬಿದ ಎದೆಯವು. ಆಗಸ್ಟಲ್ಲಿ ಬಿರುಗಾಳಿಯೇ ಇಲ್ಲ, ಆದ್ರೂ ಹನ್ನೊಂದು ಹಕ್ಕಿ, ಎಂಟೊಂಬತ್ತರ ಎದೆಯಲ್ಲಿ ಬರೀ ಮೂಳೆ. ಅದೇ ವರ್ಷ ಬೂತಾಯಿ (ಮತ್ತಿ ಮೀನು) ಬುಟ್ಟಿ ಖಾಲಿ, ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದು 2021ರಲ್ಲಿ 3 ಸಾವಿರ ಚಿಲ್ಲರೆಗೆ ಇಳಿದಿತ್ತು. ಮೇಲಿನ ನೀರು ಬಿಸಿ ಆದ್ರೆ ಕೆಳಗಿನ ಸತ್ವ ಮೇಲೆ ಬರುದಿಲ್ಲ, ಮೀನು ಆಳಕ್ಕೋ ದೂರಕ್ಕೋ ಹೋಗ್ತದೆ, ಈ ಟರ್ನ್ ಹಿಡಿಯುದು ನೀರಿನ ಮೇಲ್ಮೈಯ ಮೀನು, ಅದು ಎಲ್ಲಿಗೆ ಹೋಗ್ಬೇಕು? ಒಂದು ಕಡಪ್ಪುರದ್ದೇ ಲೆಕ್ಕ, ಗೊತ್ತುಂಟು, ಆದ್ರೂ ಬಿರುಗಾಳಿ ಸಾವು ಹಸಿವಿನ ಸಾವು ಬೇರೆ ಮಾಡಿ ತೋರಿಸಿದ್ದು ನಮ್ಮ ಕಡೆ ನಾನೇ ಮೊದಲು ಅಂದ್ಕೊಳ್ತೇನೆ.

ಯಾವ ಗಾಳಿಗೆ ಯಾವ ದಿನ ಹೋಗ್ಬೇಕು ಅನ್ನುದು ಇಲ್ಲಿ ಬರೆಯುದಿಲ್ಲ.

ಹೋದ ವರ್ಷ ಒಂದು ಫಿನ್‌ಲೆಸ್ ಪಾರ್ಪಾಯ್ಸ್ ಕೂಡ ಬಿದ್ದಿತ್ತು, ಡಾಲ್ಫಿನ್ ಹಾಗಿದ್ದು ಬೆನ್ನಿಗೆ ರೆಕ್ಕೆ ಇಲ್ಲದ ಸಣ್ಣ ಜಾತಿ, ಮೂತಿ ಸುತ್ತ ಬಲೆಯ ಗಾಯ. ಮೀನು ಕಮ್ಮಿ ಆದಾಗ ಅದೂ ಬಲೆಯೂ ಒಂದೇ ಕಡೆ ಹುಡುಕ್ತವೆ. ಅದು ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1, ಮುಟ್ಲಿಕ್ಕಿಲ್ಲ, ಸ್ಕೇಲ್ ಇಟ್ಟು ಫೋಟೋ ತೆಗೆದು ಫಾರೆಸ್ಟಿನವರಿಗೆ ಹೇಳಿ ಅವರು ಬರುವವರೆಗೆ ಮಳೆಯಲ್ಲಿ ಕೊಡೆ ಹಿಡ್ಕೊಂಡು ನಾಯಿ ಓಡಿಸ್ತಾ ನಿಂತೆ. ಉಪ್ಪಳದಿಂದ ಇಬ್ಬರು ಈ ಜೂನ್‌ಗೆ ಸೇರ್ತಾರಂತೆ, ಅವರು ಕೆಂಪು ನೂಲು ಕಟ್ಲಿ.