ಮೆಟ್ಟಿಲು ಇಳಿಯುವಾಗಲೇ ಯಾಕೆ ಇಷ್ಟು ನೋವು?

ದೂರದ ಓಟ ಮುಗಿಸಿದ ದಿನ ನನಗೆ ಅಂಥ ನೋವೇನೂ ಇರುವುದಿಲ್ಲ. ಸುಸ್ತು ಇರುತ್ತದೆ, ಹೊಟ್ಟೆ ಹಸಿದಿರುತ್ತದೆ, ಅಷ್ಟೇ. ಅಸಲಿ ಆಟ ಶುರುವಾಗುವುದು ಮರುದಿನ. ಎರಡನೇ ದಿನವಂತೂ ಕುರ್ಚಿಯಲ್ಲಿ ಕೂರಬೇಕಾದರೂ ಕೈ ಊರಬೇಕು. ಮೆಟ್ಟಿಲು ಹೇಗೋ ಹತ್ತಬಹುದು, ಇಳಿಯುವುದೇ ಕಷ್ಟ. ಹಿಂದುಮುಂದಾಗಿ ಇಳಿದದ್ದೂ ಉಂಟು!

ಜೊತೆಯಲ್ಲಿ ಓಡುವವರು ಇದಕ್ಕೆ ಥಟ್ಟನೆ ಕೊಡುವ ಕಾರಣ, 'ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ' ಅಂತ. ಈ ಲೆಕ್ಕ ಕೂಡುವುದಿಲ್ಲ. ಓಡುವಾಗ ರಕ್ತದಲ್ಲಿ ಏರಿದ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ಮೈಯಲ್ಲಿ ಇರುವುದು ಈ ರೂಪದಲ್ಲಿ) ಒಂದೆರಡು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಇಳಿದುಬಿಡುತ್ತದೆ. ನೋವು ತಾರಕಕ್ಕೇರುವುದು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ. ಕಳ್ಳ ಹೋಗಿ ಎರಡು ದಿನವಾದ ಮೇಲೆ ಬೀಗ ಮುರಿಯುತ್ತದಾ? ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಥಿಯೋಡೋರ್ ಹಫ್ 1902ರಲ್ಲೇ ಹೇಳಿದ್ದರು, ಹೀಗೆ ತಡವಾಗಿ ಬರುವ ನೋವಿಗೆ ಕಾರಣ ಸ್ನಾಯುವಿನ ಒಳಗಾಗುವ ಸಣ್ಣ ಸಣ್ಣ ಸೀಳು ಎಂದು. ಆಮೇಲಿನ ಸಂಶೋಧನೆ ಇದಕ್ಕೆ ಉರಿಯೂತ, ಅಲ್ಲಿನ ನರಗಳು ಸೂಕ್ಷ್ಮವಾಗುವುದು, ಇವನ್ನೂ ಸೇರಿಸಿತು.

ಮೆಟ್ಟಿಲಿನ ಗುಟ್ಟೂ ಇಲ್ಲೇ ಇದೆ. ಓಡುವಾಗ ಪಾದ ನೆಲಕ್ಕೆ ತಾಗಿದಾಗ ಮೊಣಕಾಲು ಮಡಚುತ್ತದೆ. ಅದು ಪೂರ್ತಿ ಕುಸಿಯದಂತೆ ತೊಡೆಯ ಮುಂಭಾಗದ ಸ್ನಾಯು ತಡೆಹಿಡಿಯಬೇಕು. ಅಂದರೆ ಬಿಗಿ ಬಿಡದೆಯೇ ಉದ್ದವಾಗಬೇಕು. ಸ್ನಾಯುವಿಗೆ ಜಾಸ್ತಿ ಪೆಟ್ಟು ಬೀಳುವುದು ಈ ಕೆಲಸದಲ್ಲಿ. ಮೆಟ್ಟಿಲು ಇಳಿಯುವಾಗಲೂ ಪೆಟ್ಟು ತಿಂದ ಅದೇ ಸ್ನಾಯು ಇದೇ ಕೆಲಸ ಮಾಡಬೇಕು. ಇಳಿಜಾರಿನಲ್ಲಿ ಓಡುವಾಗ ಇದು ಇನ್ನೂ ಹೆಚ್ಚು. ಏರಿನಲ್ಲಿ ಉಸಿರು ಕಟ್ಟುತ್ತದೆ, ಇಳಿಜಾರಿನಲ್ಲಿ ಹಾಯಾಗಿರುತ್ತದೆ. ಅದಕ್ಕೇ ಇಳಿಜಾರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದೇ ಇಳಿಜಾರು. ದೊಡ್ಡ ಓಟಕ್ಕೆ ಕೆಲವು ವಾರ ಇರುವಾಗ ಸಣ್ಣದೊಂದು ಇಳಿಜಾರಿನಲ್ಲಿ ಸ್ವಲ್ಪ ಹೊತ್ತು ಓಡುತ್ತೇನೆ. ಹೆಜ್ಜೆ ಚಿಕ್ಕದು, ವೇಗ ಕಡಿಮೆ. ಮರುದಿನ ತೊಡೆ ಸ್ವಲ್ಪ ಹಿಡಿಯುತ್ತದೆ, ಹಿಡಿಯಲಿ. ಒಮ್ಮೆ ಇಂಥ ಪೆಟ್ಟು ತಿಂದ ಸ್ನಾಯು ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಈ ರಕ್ಷಣೆ ಎಷ್ಟೋ ವಾರ ಉಳಿಯುತ್ತದೆ. ಓಟದ ಹಿಂದಿನ ವಾರ ಮಾತ್ರ ಇಳಿಜಾರಿನ ಸಹವಾಸ ಬೇಡ.

ಓಟದ ನಂತರದ ಸ್ಟ್ರೆಚಿಂಗ್ ಮೇಲೆ ನನಗೆ ದೊಡ್ಡ ನಂಬಿಕೆ ಇಲ್ಲ. ಮೈ ಹಗುರ ಅನಿಸುತ್ತದೆ, ಮಾಡುತ್ತೇನೆ. ಆದರೆ ಮರುದಿನದ ನೋವನ್ನು ಅದು ಹೆಚ್ಚೇನೂ ಇಳಿಸುವುದಿಲ್ಲ. ನೋವಿದ್ದಾಗ ಸುಮ್ನೆ ಮಲಗುವುದಕ್ಕಿಂತ ನಿಧಾನವಾಗಿ ನಡೆದಾಡುವುದು ಹಿತ. ಊಟ, ನಿದ್ದೆಗೆ ಮೋಸ ಮಾಡಬಾರದು, ಅಷ್ಟೇ. ನೋವಿನ ಮಾತ್ರೆ ನುಂಗಿ ಓಡುವ ಅಭ್ಯಾಸವಂತೂ ಬೇಡವೇ ಬೇಡ. ಮೈಯಲ್ಲಿ ನೀರು ಕಡಿಮೆ ಇರುವ ಹೊತ್ತಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆ ಕಿಡ್ನಿಗೆ ತೊಂದರೆ ಕೊಡಬಹುದು.

ಎಲ್ಲ ನೋವೂ ಈ ಜಾತಿಯದಲ್ಲ ಅನ್ನುವುದೂ ಗೊತ್ತಿರಬೇಕು. ಮಾಮೂಲಿ ನೋವು ಎರಡೂ ಕಾಲಲ್ಲಿ ಹರಡಿಕೊಂಡಿರುತ್ತದೆ, ಒತ್ತಿದರೆ ಇಡೀ ಸ್ನಾಯು ನೋಯುತ್ತದೆ. ಓಡುತ್ತಿದ್ದಾಗಲೇ ಚಳಕ್ಕೆಂದರೆ ಸ್ನಾಯು ಹರಿದಿರಬಹುದು. ಮೂಳೆಯ ಮೇಲೆ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚಾದರೆ, ಮೂಳೆಯಲ್ಲೇ ಸಣ್ಣ ಬಿರುಕು ಬಂದಿರಬಹುದು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ, ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ಅದು ಆಸ್ಪತ್ರೆಗೆ ಓಡುವ ಹೊತ್ತು. ಸ್ನಾಯು ವಿಪರೀತ ಒಡೆದು, ಅದರ ಪ್ರೋಟೀನ್ ಕಿಡ್ನಿ ಸೇರುತ್ತಿರಬಹುದು.

ಇವು ಯಾವುದೂ ಇಲ್ಲದಿದ್ದರೆ ನಾನು ಕಾಯುತ್ತೇನೆ. ಕಂಬಿ ಹಿಡಿಯದೆ ಮೆಟ್ಟಿಲು ಇಳಿಯಲು ಬಂದ ದಿನ ಮತ್ತೆ ಶೂ ಹಾಕುತ್ತೇನೆ.