ಗೆಕ್ಕೊ ಪೆಟ್ಟಿಗೆಗೆ ಮರಳು ಸುರಿಯಬೇಡಿ, ನೆಲ ಕಟ್ಟಿ

ಇಂಗ್ಲೆಂಡಿನಲ್ಲಿ ನಮಗೆ ಗುರುತಿರುವ ಕನ್ನಡದವರ ಮನೆಗಳಲ್ಲೇ ಈಗ ಮೂರು ಲೆಪರ್ಡ್ ಗೆಕ್ಕೊಗಳಿವೆ. ಮಕ್ಕಳು ಕೇಳಿದ್ದು ನಾಯಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಕೊನೆಗೆ ರಾಜಿಯಾದದ್ದು ಹಲ್ಲಿಗೆ. ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟುವ ನಮ್ಮತ್ತೆ, ವಿಡಿಯೊ ಕಾಲ್‌ನಲ್ಲಿ ನಮ್ಮ ಮನೆಯದನ್ನು ನೋಡಿ ಐದು ನಿಮಿಷ ಮಾತೇ ಆಡಲಿಲ್ಲ.

ಮೂರೂ ಮನೆಗಳಲ್ಲಿ ನಾನು ಕಂಡದ್ದು ಒಂದೇ ತಪ್ಪು: ಗಾಜಿನ ಪೆಟ್ಟಿಗೆಯ ತಳದಲ್ಲಿ ನಾಲ್ಕು ಬೆರಳು ಸಡಿಲ ಮರಳು. ‘ಮರುಭೂಮಿ ಪ್ರಾಣಿ ಅಲ್ವಾ?’ ಅಲ್ಲ. ಇದರ ತವರು ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಕಲ್ಲುಗುಡ್ಡಗಳು ಮತ್ತು ಒಣ ಹುಲ್ಲುಗಾವಲು. ಅಲ್ಲಿ ಕಾಲಡಿ ಇರುವುದು ಬಿಸಿಲಿಗೆ ಬಿಗಿದ ಜೇಡಿಮಣ್ಣು. ನಮ್ಮ ಗೋಡೆ ಹಲ್ಲಿಯ ಹಾಗೆ ಇದರ ಬೆರಳಿನಲ್ಲಿ ಅಂಟುವ ಮೆತ್ತೆಯಿಲ್ಲ, ಉಗುರಿದೆ. ಗಟ್ಟಿ ನೆಲದ ಮೇಲೆ ನಡೆಯಲು, ಕೆರೆಯಲು ಆದ ಕಾಲು ಅದು.

ಸಡಿಲ ಮರಳಿನ ಮೇಲೆ ಹುಳ ಹಿಡಿಯಲು ಹಾರಿದಾಗಲೆಲ್ಲ ಬಾಯಿ ತುಂಬ ಮರಳು. ಹೊಟ್ಟೆಗೆ ಸಾಕಷ್ಟು ಬಿಸಿ ಸಿಗದಿದ್ದರೆ, ನೀರು ಅಥವಾ ಕ್ಯಾಲ್ಸಿಯಂ ಕಡಿಮೆಯಾದರೆ ಆ ಮರಳು ಕರುಳಿನಲ್ಲೇ ಕೂರುತ್ತದೆ. ದಿನಗಟ್ಟಲೆ ಹಿಕ್ಕೆ ಇಲ್ಲ, ಊಟ ಬೇಡ, ಹೊಟ್ಟೆ ಉಬ್ಬರ, ಹಿಂಗಾಲು ಎಳೆಯುವುದು: ಇಷ್ಟಾದರೆ ಸರೀಸೃಪ ನೋಡುವ ವೈದ್ಯರ ಬಳಿಗೆ ಅಂದೇ ಓಡಿ. ನಮ್ಮವರೊಬ್ಬರು ‘ಎರಡು ತೊಟ್ಟು ಹರಳೆಣ್ಣೆ ಬಿಡಿ’ ಎಂದಿದ್ದರು. ಬಿಡಬೇಡಿ.

ಹಂತ 1: ಮೊದಲ ತಿಂಗಳು ಬರೀ ಕಾಗದ

ಹೊಸದಾಗಿ ಬಂದ ಗೆಕ್ಕೊಗೆ, ಮರಿಗೆ, ಕಾಯಿಲೆ ಬಿದ್ದದ್ದಕ್ಕೆ ಕಿಚನ್ ರೋಲ್ ಸಾಕು. ಈ ಪುರವಣಿಯ ಹಾಳೆಯೂ ಆದೀತು, ಬೇಸರವಿಲ್ಲ. ಹಿಕ್ಕೆ ಗಟ್ಟಿಯಿದೆಯೇ, ತುದಿಯಲ್ಲಿ ಬಿಳಿ (ಅದು ಅದರ ಮೂತ್ರ, ಇರಬೇಕಾದದ್ದೇ) ಇದೆಯೇ ಎಂದು ಕಾಗದದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಹೆಚ್ಚಾಗಿ ಒಂದೇ ಮೂಲೆಯಲ್ಲಿ ಹಾಕುತ್ತದೆ. ಆ ಮೂಲೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 2: ಅಂಗಡಿಯಲ್ಲಿ ಏನು ಬೇಡ

‘ಕ್ಯಾಲ್ಸಿಯಂ ಸ್ಯಾಂಡ್’ ಬೇಡವೇ ಬೇಡ. ಜೀರ್ಣವಾಗುತ್ತದೆ ಎಂದು ಚೀಲದ ಮೇಲೆ ಬರೆದಿರುತ್ತಾರೆ. ಕ್ಯಾಲ್ಸಿಯಂ ಬೇಕಾದ ಪ್ರಾಣಿ ಅದನ್ನೇ ನೆಕ್ಕುತ್ತದೆ, ಒದ್ದೆಯಾದ ಮರಳು ಹೊಟ್ಟೆಯೊಳಗೆ ಗಂಟು ಕಟ್ಟುತ್ತದೆ. ಕ್ಯಾಲ್ಸಿಯಂ ಪುಡಿಯನ್ನು ಬಾಟಲಿ ಮುಚ್ಚಳದಲ್ಲಿಟ್ಟರೆ ಮುಗಿಯಿತು. ಅಕ್ರೋಟ್ ಚಿಪ್ಪಿನ ಪುಡಿ ಚೂಪು. ಪೈನ್, ಸೀಡರ್ ಹೊಟ್ಟಿನ ಘಾಟು ಶ್ವಾಸಕ್ಕೆ ಕೆಟ್ಟದ್ದು. ‘ರೆಪ್ಟೈಲ್ ಕಾರ್ಪೆಟ್’ ನೋಡಲು ಚೆಂದ, ಆದರೆ ಗೆಳೆಯರ ಮಗಳ ಗೆಕ್ಕೊ ಒಂದು ಬೆಳಿಗ್ಗೆ ಅದರ ನೂಲಿಗೆ ಉಗುರು ಸಿಕ್ಕಿಸಿಕೊಂಡು ನಿಂತಿತ್ತು. ಬೆರಳು ದ್ರಾಕ್ಷಿಯಷ್ಟು ಊದಿತ್ತು. ಹುಬ್ಬಿನ ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದೆವು.

ಹಂತ 3: ಕಲ್ಲೋ ಮಣ್ಣೋ

ಸಮಯವಿಲ್ಲದವರು ಸ್ಲೇಟ್ ಕಲ್ಲು ಅಥವಾ ಹೊಳಪಿಲ್ಲದ ಟೈಲ್ ಹಾಸಿ. ನುಣುಪಾದದ್ದರ ಮೇಲೆ ಕಾಲು ಜಾರುತ್ತದೆ. ಅಳತೆಗೆ ಕತ್ತರಿಸಿ ಅಂಚು ಉಜ್ಜಿದರೆ ಆಯಿತು. ಇದರಲ್ಲಿ ತಪ್ಪೇನಿಲ್ಲ.

ನನ್ನ ಆಯ್ಕೆ ಮಣ್ಣು. ಕೆರೆಯುವ ಪ್ರಾಣಿಗೆ ಕೆರೆಯಲು ಏನಾದರೂ ಇರಬೇಕು.

ಹಂತ 4: ನೆಲ ಕಟ್ಟುವುದು

ಎಲ್ಲರೂ ಎಡವುವುದು ಇಲ್ಲೇ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಪೆಟ್ಟಿಗೆಯಲ್ಲಿ 8 ಸೆಂ.ಮೀ. ನೆಲಕ್ಕೆ ಸುಮಾರು 40 ಲೀಟರ್ ಮಿಶ್ರಣ ಬೇಕು, ಬಡಿದಾಗ ಕುಗ್ಗುತ್ತದೆ. 28 ಲೀಟರ್ ಟಾಪ್‌ಸಾಯಿಲ್ (ಚೀಲದಲ್ಲಿ ಸಿಗುವ ಮೇಲ್ಮಣ್ಣು), 12 ಲೀಟರ್ ಮಕ್ಕಳ ಆಟದ ಮರಳು. ಕಾಂಪೋಸ್ಟ್ ಅಲ್ಲ. ಚೀಲದ ಮೇಲೆ ಗೊಬ್ಬರದ ಹೆಸರಿದ್ದರೆ, ಮಣ್ಣಿನಲ್ಲಿ ಬಿಳಿ ಪರ್ಲೈಟ್ ಕಾಳು ಕಂಡರೆ ವಾಪಸ್ ಇಡಿ. ಎಲ್ಲ ಸೇರಿ 50 ಕೆ.ಜಿ. ಆಸುಪಾಸು ಬರುತ್ತದೆ, ಅಂದರೆ ಎರಡು ದೊಡ್ಡ ಅಕ್ಕಿ ಚೀಲ. ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟೇ ತುಂಬಿ.

ನೀರು ಚಿಮುಕಿಸುತ್ತ ಕಲಸಿ. ಹದ ತಂಬಿಟ್ಟಿನದು: ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಈಗಲೇ ಪೆಟ್ಟಿಗೆಗೆ ಸುರಿಯಬೇಡಿ. ಎರಡು ಉಂಡೆ ಕಟ್ಟಿ ರೇಡಿಯೇಟರ್ ಮೇಲೆ ಎರಡು ದಿನ ಒಣಗಿಸಿ, ಮೊಣಕಾಲೆತ್ತರದಿಂದ ಬೀಳಿಸಿ. ಎರಡು ಮೂರು ಹೋಳಾದರೆ ಸರಿ. ಪುಡಿಯಾದರೆ ಮರಳು ಹೆಚ್ಚಾಗಿದೆ ಅಥವಾ ಮಣ್ಣಿನಲ್ಲಿ ಜೇಡಿಯಿಲ್ಲ. ಪೆಟ್ ಶಾಪಿನ ಜೇಡಿಪುಡಿ ಒಂದಿಷ್ಟು ಸೇರಿಸಿ ಮತ್ತೆ ಉಂಡೆ ಕಟ್ಟಿ. ನನ್ನ ಮೊದಲ ಚೀಲ ಪುಡಿಯಾಗಿತ್ತು. ಪರೀಕ್ಷೆ ಮಾಡದೆ ಪೆಟ್ಟಿಗೆ ತುಂಬಿ, ಒಂದು ವಾರದ ಮೇಲೆ ಅಷ್ಟನ್ನೂ ಬೊಗಸೆ ಬೊಗಸೆ ತೆಗೆದೆ.

ಭಾರದ ಕಲ್ಲುಗಳನ್ನು ಮೊದಲು ಪೆಟ್ಟಿಗೆಯ ತಳಕ್ಕೇ ಕೂರಿಸಿ, ಅವುಗಳ ಸುತ್ತ ಮಣ್ಣು ತುಂಬಿ. ಮಣ್ಣಿನ ಮೇಲೆ ಕಲ್ಲಿಟ್ಟರೆ ಗೆಕ್ಕೊ ಅಡಿಯಿಂದ ಕೊರೆಯುತ್ತದೆ, ಕಲ್ಲು ಅದರ ಬೆನ್ನ ಮೇಲೇ ಕುಸಿಯುತ್ತದೆ. ಇದೊಂದು ಮಾತನ್ನು ಮರೆಯಬೇಡಿ.

ಎರಡು ಮೂರು ಸೆಂ.ಮೀ. ಪದರ ಹಾಕುವುದು, ಬಡಿಯುವುದು, ಮತ್ತೊಂದು ಪದರ. ಹಳ್ಳಿಮನೆಯ ಮಣ್ಣಿನ ನೆಲಕ್ಕೆ ದಮ್ಮಸು ಮಾಡುವುದನ್ನು ನೋಡಿದವರಿಗೆ ಹೇಳಿಕೊಡಬೇಕಿಲ್ಲ. ನಾನು ಸ್ಟೀಲ್ ಡಬ್ಬದ ತಳದಲ್ಲಿ ಬಡಿಯುತ್ತೇನೆ. ತಳದ ಗಾಜು ಜೋಪಾನ, ಮೊದಲ ಪದರವನ್ನು ಅಂಗೈಯಲ್ಲೇ ಒತ್ತಿ.

ಆಮೇಲೆ ಕಾಯುವುದು. ದೀಪ ಉರಿಸಿ, ಮುಚ್ಚಳ ತೆರೆದು ನಾಲ್ಕೈದು ದಿನ. ಇಲ್ಲಿನ ನವೆಂಬರಿನಲ್ಲಾದರೆ ಒಂದು ವಾರವೂ ಹಿಡಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಅಡಿ ಹಸಿಯಿರುತ್ತದೆ, ಗಾಜಿನ ಬದಿಯಿಂದ ಬಣ್ಣ ನೋಡಿ: ಕಪ್ಪು ಪಟ್ಟೆ ಇರುವವರೆಗೆ ಒಣಗಿಲ್ಲ. ಹೆಬ್ಬೆರಳು ಒತ್ತಿದರೆ ಗುರುತು ಮೂಡಬಾರದು. ಸಣ್ಣ ಬಿರುಕು ಬಂದರೆ ಬರಲಿ. ಹಸಿ ನೆಲದ ಮೇಲೆ ಅವಸರಕ್ಕೆ ಬಿಟ್ಟರೆ ಹೊಟ್ಟೆಯ ಚರ್ಮಕ್ಕೆ ಸೋಂಕು. ಅಲ್ಲಿಯವರೆಗೆ ಗೆಕ್ಕೊ ಕಾಗದ ಹಾಸಿದ ಟಬ್ಬಿನಲ್ಲಿರಲಿ, ಅದಕ್ಕೂ ಬಿಸಿಯ ವ್ಯವಸ್ಥೆ ಬೇಕು.

ಹಂತ 5: ಬಿಸಿ

ಪೆಟ್ಟಿಗೆಯಡಿ ಹೀಟ್ ಮ್ಯಾಟ್ ಇದ್ದರೆ ತೆಗೆಯಿರಿ. ಎಂಟು ಸೆಂ.ಮೀ. ಮಣ್ಣಿನ ಮೂಲಕ ಬಿಸಿ ಸರಿಯಾಗಿ ಮೇಲೆ ಬರುವುದಿಲ್ಲ, ಬಿಸಿ ಹುಡುಕಿ ಕೆಳಕ್ಕೆ ತೋಡಿದ ಪ್ರಾಣಿ ಸುಟ್ಟುಕೊಳ್ಳುತ್ತದೆ. ಮೇಲಿನಿಂದ ಹ್ಯಾಲೊಜನ್ ದೀಪ, ಅದರಡಿ ಚಪ್ಪಟೆ ಸ್ಲೇಟ್, ಕಲ್ಲಿನ ಮೇಲ್ಮೈ 32ರಿಂದ 35 ಡಿಗ್ರಿ ಸೆಲ್ಸಿಯಸ್. ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟ್ಯಾಟ್ ಇಲ್ಲದೆ ದೀಪ ಹಚ್ಚಬೇಡಿ.

ಹಂತ 6: ಉಳಿದದ್ದು

ತಂಪು ಬದಿಯಲ್ಲಿ ನೀರು. ಪೊರೆ ಬಿಡಲು ಒದ್ದೆ ಪಾಚಿ ತುಂಬಿದ, ತೂತು ಕೊರೆದ ಐಸ್‌ಕ್ರೀಮ್ ಡಬ್ಬ. ಹುಳಗಳನ್ನು ಚಿಮಟದಲ್ಲೋ ಬಟ್ಟಲಿನಲ್ಲೋ ಕೊಡಿ. ಹಂತ 1ರಲ್ಲಿ ನೋಡಿಟ್ಟ ಮೂಲೆಗೆ ಒಂದು ಟೈಲ್ ತುಂಡು ಹಾಕಿ, ಶೌಚದ ಕೆಲಸ ಹಗುರ.

ಬೆಂಗಳೂರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ (1972) ಇದೆ. ಅಂಗಡಿಯವನ ಮಾತು ನಂಬದೆ, ಇದನ್ನು ಸಾಕಬಹುದೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಯೇ ಮುಂದಿನದು.

ಇನ್ನು ಆ ಮಣ್ಣು ಕಲಸಿದ ಬೇಸಿನ್. ಸರೀಸೃಪಗಳ ಮೈಮೇಲೆ, ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಹಳೆ ನೆಲ ತೆಗೆಯುವಾಗಲೂ ಇದೇ ಬೇಸಿನ್ ಕೈಗೆ ಸಿಗುತ್ತದೆ. ಆದ್ದರಿಂದ ಅದು ಮತ್ತೆ ಅಡುಗೆಮನೆಗೆ ಹೋಗಕೂಡದು. ನಮ್ಮ ಮನೆಯದು ರೊಟ್ಟಿ ಹಿಟ್ಟು ಕಲಸುತ್ತಿದ್ದ ಬೇಸಿನ್, ಈಗ ಅದರ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ‘ಹಲ್ಲಿ’ ಎಂದು ಬರೆದು ಗ್ಯಾರೇಜಿನಲ್ಲಿ ತೂಗುಹಾಕಿದ್ದೇವೆ.